ದೂರವೇ ಎತ್ತರವಲ್ಲ



ಶಾಲೆಯ ವಾರ್ಷಿಕೋತ್ಸವಕ್ಕಾಗಿ ಬಣ್ಣದ ಕಾಗದದಲ್ಲಿ ವೀಳ್ಯದೆಲೆಯನ್ನು ಹೋಲುವ ಆಕೃತಿಯೊಂದನ್ನು ಕತ್ತರಿಸಬೇಕಾಗಿದೆ ಎಂದು ಭಾವಿಸೋಣ. ತೊಟ್ಟಿನೆಡೆಯಲ್ಲಿ ಅದು ಒಳಕ್ಕೆ ಸರಿದಿದೆ. ತುದಿ ಮಾತ್ರ ಚೂಪಾಗಿರದೆ ದುಂಡಾಗಿದೆ. ಇದಕ್ಕೆ ಎಷ್ಟು ಉದ್ದ, ಎಷ್ಟು ಎತ್ತರದ ಆಯತಾಕಾರದ ಕಾಗದ ಬೇಕು? ಗಣಿತದಲ್ಲಿ ನಾವು ಎಡವುವುದು ಸೂತ್ರ ತಿಳಿಯದುದರಿಂದಲ್ಲ, ಕೇಳಿದುದೇನೆಂಬುದನ್ನು ವಿಚಾರಿಸದಿರುವುದರಿಂದ ಎಂಬುದು ನನ್ನ ಅಭಿಪ್ರಾಯ. ಈ ಸಣ್ಣ ಪ್ರಶ್ನೆಯೇ ಅದಕ್ಕೆ ಸಾಕ್ಷಿ.

ಒಂದು ನಾಣ್ಯವನ್ನು ಸ್ಥಿರವಾಗಿಟ್ಟು, ಅದೇ ಅಳತೆಯ ಮತ್ತೊಂದನ್ನು ಜಾರದಂತೆ ಅದರ ಸುತ್ತ ಉರುಳಿಸಿರಿ. ಉರುಳುವ ನಾಣ್ಯದ ಅಂಚಿನ ಒಂದು ಬಿಂದು ನಡೆಯುವ ದಾರಿಯೇ ನಮ್ಮ ಆಕೃತಿ. 1741ರಲ್ಲಿ ಕ್ಯಾಸ್ಟಿಲನ್ ಎಂಬ ಗಣಿತಜ್ಞನು ಇದನ್ನು ‘ಕಾರ್ಡಿಯಾಯ್ಡ್’, ಅಂದರೆ ಹೃದಯಾಕಾರದ ರೇಖೆ, ಎಂದು ಕರೆದನು. ತೊಟ್ಟಿನ ಬಿಂದುವನ್ನು ಧ್ರುವವೆನ್ನೋಣ. ಅಲ್ಲಿಂದ ತುದಿಯ ಕಡೆಗೆ ಅಡ್ಡಲಾಗಿ ಎಳೆದ ಗೆರೆಯೇ ಅಕ್ಷ. ಅಕ್ಷದಿಂದ ಎಷ್ಟು ಕೋನ ತಿರುಗಿದರೂ, ಆ ದಿಕ್ಕಿನಲ್ಲಿ ಅಂಚು ಧ್ರುವದಿಂದ 10 × (1 + ಕೋನದ ಕೊಸೈನ್) ಸೆಂಟಿಮೀಟರ್ ದೂರದಲ್ಲಿರಲಿ.

ತುದಿಯವರೆಗಿನ ದೂರ 20. ನೆಟ್ಟಗೆ ಮೇಲಕ್ಕೆ 10, ಕೆಳಕ್ಕೆ 10. ಆದುದರಿಂದ 20 ಸೆಂಟಿಮೀಟರಿನ ಚೌಕ ಸಾಕೆಂದು ಕಣ್ಣು ಹೇಳುತ್ತದೆ. ಕತ್ತರಿಸಹೊರಟರೆ ಕಾಗದ ಸಾಲದು! ಸೂತ್ರವನ್ನು ಮಾತ್ರ ಬಲ್ಲವನು, ಗರಿಷ್ಠವೆಂದೊಡನೆ ದೂರದ ಅವಕಲನ ಮಾಡಿ ಸೊನ್ನೆಗೆ ಸಮೀಕರಿಸುತ್ತಾನೆ. ಅವನಿಗೆ ದೊರೆಯುವ ಕೋನಗಳು 0 ಮತ್ತು 180 ಡಿಗ್ರಿ. ಆ ಎರಡು ಕಡೆಗಳಲ್ಲಿಯೂ ಎತ್ತರ ಸೊನ್ನೆ!

ನಮಗೆ ಬೇಕಾದುದು ಧ್ರುವದಿಂದ ದೂರವಲ್ಲ, ಅಕ್ಷದಿಂದ ಎತ್ತರ. ಅದು ದೂರ ಮತ್ತು ಕೋನದ ಸೈನ್ ಇವುಗಳ ಗುಣಲಬ್ಧ. ಇದರ ಅವಕಲನವನ್ನು ಸೊನ್ನೆಗೆ ಸಮೀಕರಿಸಿದರೆ ಎತ್ತರವು 60 ಡಿಗ್ರಿಯಲ್ಲಿ ಗರಿಷ್ಠವೆಂದು ತಿಳಿಯುತ್ತದೆ. ಕಲನಶಾಸ್ತ್ರವನ್ನು ಓದದವರು ಕೋಷ್ಟಕದಿಂದಲೇ ಪರೀಕ್ಷಿಸಬಹುದು: 45 ಡಿಗ್ರಿಯಲ್ಲಿ 12.07, 60ರಲ್ಲಿ 12.99, 75ರಲ್ಲಿ 12.16. ಕೆಳಭಾಗವೂ ಅಷ್ಟೇ ಇರುವುದರಿಂದ ಒಟ್ಟು ಎತ್ತರ ಸುಮಾರು 26. ಇನ್ನು ಉದ್ದದ ಮಾತು. ವೀಳ್ಯದೆಲೆಯ ಹೆಗಲುಗಳು ತೊಟ್ಟಿನ ಸಂದಿಗಿಂತ ಹಿಂದಕ್ಕೆ ಚಾಚಿರುವಂತೆ, ಈ ರೇಖೆಯೂ 120 ಡಿಗ್ರಿಯಲ್ಲಿ ಧ್ರುವಕ್ಕಿಂತ 2.5 ಸೆಂಟಿಮೀಟರ್ ಹಿಂದಕ್ಕಿದೆ. ಆದುದರಿಂದ ಉದ್ದ 22.5.

ಚಿತ್ರ ಬರೆದು ಅಳೆದರೆ ಸಾಲದೆ, ಕಲನವೇಕೆ ಎಂದು ಕೆಲವರು ಕೇಳಬಹುದು. ಅಳತೆಯು ಒಂದು ಕಾಗದಕ್ಕೆ ಸರಿಸುಮಾರು ಉತ್ತರ ಕೊಡುತ್ತದೆ. ಕಲನವಾದರೋ, ಎಲೆ ಎಷ್ಟೇ ದೊಡ್ಡದಾಗಿರಲಿ, ನಿಖರವಾದ ಪ್ರಮಾಣವನ್ನೂ ಅದರ ಕಾರಣವನ್ನೂ ಕೊಡುತ್ತದೆ. ಆದರೆ ಯಾವುದರ ಗರಿಷ್ಠವನ್ನು ಹುಡುಕಬೇಕೆಂದು ಅದು ತಾನಾಗಿ ಹೇಳಲಾರದು. ಅದನ್ನು ನಾವೇ ನಿಶ್ಚಯಿಸಬೇಕು.

ನಿಮ್ಮಲ್ಲಿ ಹಲವರು ಹತ್ತನೆಯ ತರಗತಿಯ ಬಳಿಕ ಇಂಗ್ಲಿಷಿನಲ್ಲಿ ಪಾಠ ನಡೆಯುವ ಕಾಲೇಜಿಗೆ ಹೋಗುವಿರಿ. ಕನ್ನಡದಲ್ಲಿ ಓದಿದವರಿಗೆ ಈ ವಿದ್ಯೆ ಎಟುಕದೆಂಬ ಮಾತು ಅಲ್ಲಿ ಕಿವಿಗೆ ಬೀಳಬಹುದು. ಕನ್ನಡ ಶಾಲೆಯಿಂದಲೇ ಹೋದ ನಾನು ಆ ಮಾತನ್ನು ನಂಬಿ, ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತು, ನಿಯಮಗಳನ್ನು ಉರು ಹೊಡೆದೆನು. ಪರೀಕ್ಷೆಯಲ್ಲಿ ದೂರವನ್ನೇ ಎತ್ತರವೆಂದು ಬಗೆದು ಸೊನ್ನೆಯನ್ನು ಬರೆದು ಬಂದೆನು. ನನ್ನನ್ನು ಕೆಡಿಸಿದುದು ಕನ್ನಡವಲ್ಲ. ‘ಇಲ್ಲಿ ಕೇಳಿರುವುದು ಏನು?’ ಎಂದು ಕನ್ನಡದಲ್ಲಿ ನನ್ನನ್ನು ನಾನು ಒಮ್ಮೆ ಕೇಳಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದೆನು. ಚಿಹ್ನೆಗಳು ಎಲ್ಲ ಭಾಷೆಯವರಿಗೂ ಒಂದೇ. ಪ್ರಶ್ನೆಯನ್ನು ಮಾತ್ರ ನಿಮ್ಮ ಮಾತಿನಲ್ಲಿ ಕೇಳಿಕೊಳ್ಳಿರಿ. ಆಮೇಲೆ ಲೇಖನಿಯನ್ನು ಎತ್ತಿಕೊಳ್ಳಿರಿ.