ಯವನ ನಾಣ್ಯಗಳೂ ಸಂಗ್ರಾಹಕರ ಮೌನವೂ

ಪ್ರಾಚೀನ ಗ್ರೀಕರ ನಾಣ್ಯಗಳನ್ನು, ವಿಶೇಷವಾಗಿ ದೇವತೆಗಳ ಮತ್ತು ಪುರಾಣಪುರುಷರ ಮೂರ್ತಿಗಳುಳ್ಳವನ್ನು, ಕೊಂಡು ಕೂಡಿಡುವ ಹವ್ಯಾಸವು ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಬಹುಕಾಲದಿಂದ ಬೆಳೆದುಬಂದಿದೆ. ಇದು ಕೇವಲ ವಿನೋದವೆಂದು ಸಂಗ್ರಾಹಕರು ಹೇಳಿಕೊಂಡಿದ್ದರೆ ಅವರೊಡನೆ ವಾದಕ್ಕೆ ಕಾರಣವಿರುತ್ತಿರಲಿಲ್ಲ. ಅವರು ಹೇಳುವುದು ಬೇರೆ. ಮಣ್ಣಿನಲ್ಲಿ ಹಾಳಾಗುತ್ತಿದ್ದ ವಿದ್ಯೆಯನ್ನು ತಾವು ಉದ್ಧರಿಸುತ್ತಿರುವರಂತೆ. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯಗಳು ಹುಟ್ಟಿರುವಾಗ ನಾಲ್ಕಾರು ತಮ್ಮ ಪೆಟ್ಟಿಗೆಯನ್ನು ಸೇರಿದರೆ ಲೋಕಕ್ಕೆ ನಷ್ಟವೇ ಇಲ್ಲವಂತೆ. ಈ ವಾದದಲ್ಲಿ ಸ್ವಲ್ಪ ಸತ್ಯವೂ ಉಂಟು. ಆದುದರಿಂದಲೇ ಇದನ್ನು ಪರೀಕ್ಷಿಸಬೇಕಾಗಿದೆ.

ನಾಣ್ಯಕ್ಕೆ ಸಂಸ್ಕೃತದಲ್ಲಿ ರೂಪ್ಯವೆಂಬ ಹೆಸರಿದೆಯಷ್ಟೆ. ಪಾಣಿನಿಯು ಈ ಶಬ್ದವನ್ನು ಸಾಧಿಸುವಾಗ ಎರಡು ಅರ್ಥಗಳನ್ನು ಹೇಳಿದ್ದಾನೆ: ಅಚ್ಚೊತ್ತಿದ ರೂಪವುಳ್ಳದ್ದು ಎಂಬುದೊಂದು, ಪ್ರಶಂಸೆಗೆ ಯೋಗ್ಯವಾದ ರೂಪವುಳ್ಳದ್ದು ಎಂಬುದಿನ್ನೊಂದು. ಸಂಗ್ರಾಹಕನು ಎರಡನೆಯ ಅರ್ಥದಲ್ಲಿಯೇ ನಿಂತುಬಿಡುತ್ತಾನೆ. ಪ್ರಶಂಸೆಗೇನೋ ಕಾರಣವಿದೆ. ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದ ಹತ್ತು ದ್ರಾಖ್ಮದ ಬೆಳ್ಳಿನಾಣ್ಯವನ್ನು ನೋಡಿದವರು, ಅದರ ಮೇಲಿನ ಜಲದೇವತೆ ಅರೆಥೂಸಳ ಮುಖವನ್ನೂ ಸುತ್ತಲೂ ಈಜುವ ಡಾಲ್ಫಿನ್ನುಗಳನ್ನೂ ಮರೆಯಲಾರರು. ಕಿಮೋನ್, ಯೂಐನೆಟೋಸ್ ಎಂಬ ಶಿಲ್ಪಿಗಳು ಅಚ್ಚಿನಲ್ಲಿ ತಮ್ಮ ಹೆಸರನ್ನೇ ಕೊರೆದಿಟ್ಟರು. ಆದರೆ ಅಚ್ಚೊತ್ತಿದವರಾರು, ಎಲ್ಲಿ, ಏತಕ್ಕೆ ಎಂಬ ಪ್ರಶ್ನೆ ಹೊರಟೊಡನೆ ಸೌಂದರ್ಯವೊಂದೇ ಉತ್ತರ ಕೊಡಲಾರದು.

ಅಲೆಕ್ಸಾಂಡರನ ನಾಲ್ಕು ದ್ರಾಖ್ಮದ ನಾಣ್ಯವನ್ನು ತೆಗೆದುಕೊಳ್ಳಿರಿ. ಒಂದು ಮುಖದಲ್ಲಿ ಸಿಂಹದ ತೊಗಲನ್ನು ತಲೆಗೆ ಹೊದ್ದ ಹೆರಾಕ್ಲೀಸನು. ಇನ್ನೊಂದರಲ್ಲಿ ಹದ್ದನ್ನು ಹಿಡಿದು ಆಸನದಲ್ಲಿ ಕುಳಿತ ದೇವರಾಜ ಜ್ಯೂಸನು. ಮೆಸಿಡೋನಿಯದಿಂದ ಬ್ಯಾಬಿಲೋನಿನವರೆಗೆ ಅನೇಕ ಟಂಕಸಾಲೆಗಳಲ್ಲಿ ಇದೇ ಮುದ್ರೆ ಬಿದ್ದಿತು. ಕ್ರಿ. ಪೂ. 323ರಲ್ಲಿ ಅರಸನು ಸತ್ತ ಮೇಲೂ ಹಲವು ನಗರಗಳು ಬಹುಕಾಲ ಇದನ್ನೇ ಮುದ್ರಿಸಿದವು. ದೇವತೆಯ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿದ ಮಾತ್ರಕ್ಕೆ ಇವನು ಯಾವ ಊರಿನ ಜ್ಯೂಸ್, ಯಾವ ಕಾಲದವನು ಎಂಬುದು ತಿಳಿಯುವುದೆ? ಅದನ್ನು ಬಹುಮಟ್ಟಿಗೆ ತಿಳಿಸುವುದು ನಿಧಿ. ಯಾವನೋ ಒಬ್ಬನು ಯುದ್ಧಭಯದಿಂದ ಹಣವನ್ನು ಗಡಿಗೆಯಲ್ಲಿ ಹೂತಿಟ್ಟು ಮರಳಿ ಬಾರದೆ ಹೋದರೆ, ಆ ಗಡಿಗೆಯೇ ಇತಿಹಾಸಕಾರನಿಗೆ ಗ್ರಂಥ. ಕಾಲ ತಿಳಿದ ನಾಣ್ಯವೊಂದು ಅದರಲ್ಲಿದ್ದರೆ, ಕಾಲ ತಿಳಿಯದ ಇತರ ನಾಣ್ಯಗಳಿಗೂ ಅದೇ ಆಧಾರ. ಸವೆದವು ಬಹುಕಾಲ ಕೈಯಿಂದ ಕೈಗೆ ತಿರುಗಿದವು. ಹೊಳಪಾರದವು ಹೂಳುವುದಕ್ಕೆ ಸ್ವಲ್ಪ ಮೊದಲು ಟಂಕಸಾಲೆಯಿಂದ ಬಂದವು. ಗಡಿಗೆಯನ್ನು ಒಡೆದು ನಾಣ್ಯಗಳನ್ನು ಹತ್ತು ದೇಶಗಳ ಅಂಗಡಿಗಳಿಗೆ ಹಂಚಿದ ಮೇಲೆ ಒಂದೊಂದು ನಾಣ್ಯವೂ ಮೊದಲಿನಷ್ಟೇ ಸುಂದರವಾಗಿರುತ್ತದೆ. ಗ್ರಂಥ ಮಾತ್ರ ಇರುವುದಿಲ್ಲ.

ಈಜಿಪ್ಟಿನ ಅಸ್ಯೂತಿನಲ್ಲಿ 1968-69ರ ಸುಮಾರಿಗೆ ಸಿಕ್ಕಿದ ಸುಮಾರು 900 ಪ್ರಾಚೀನ ಬೆಳ್ಳಿನಾಣ್ಯಗಳಿಗೆ ಈ ಗತಿಯೇ ಆಯಿತು. ಚದುರಿಹೋದವನ್ನು ಪ್ರೈಸ್ ಮತ್ತು ವ್ಯಾಗನರ್ ಎಂಬ ಇಬ್ಬರು ವಿದ್ವಾಂಸರು ಬೆನ್ನಟ್ಟಿ ಹುಡುಕಿ 1975ರಲ್ಲಿ ಗ್ರಂಥರೂಪದಲ್ಲಿ ಒಟ್ಟುಗೂಡಿಸಿದರು. ತುರ್ಕಿಯ ಎಲ್ಮಾಲಿಯ ಬಳಿ 1984ರಲ್ಲಿ ಸುಮಾರು 1,900 ನಾಣ್ಯಗಳ ನಿಧಿ ದೊರೆಯಿತು. ಅಥೆನ್ಸಿನ ಹತ್ತು ದ್ರಾಖ್ಮದ ನಾಣ್ಯಗಳೇ ಅದರಲ್ಲಿ 14 ಇದ್ದವು. ಅದಕ್ಕೆ ಮೊದಲು ಲೋಕವೆಲ್ಲ ಸೇರಿ ತಿಳಿದಿದ್ದವು ಸುಮಾರು ಅಷ್ಟೇ. ನಿಧಿಯು ಕಳ್ಳದಾರಿಯಿಂದ ದೇಶ ಬಿಟ್ಟು ಅಮೆರಿಕದ ಧನಿಕರ ಕೈಸೇರಿತು. ದೀರ್ಘ ವ್ಯಾಜ್ಯದ ತರುವಾಯ 1999ರಲ್ಲಿ ಅದರ ಬಹುಭಾಗವು ತುರ್ಕಿಗೆ ಮರಳಿತು. ಇದು ಉದ್ಧಾರವಾದರೆ ಅಪಹಾರವೆಂಬುದು ಯಾವುದು?

ಇದಕ್ಕೆ ಪ್ರತಿಯಾಗಿ ಇನ್ನೊಂದು ಗಡಿಗೆಯ ಕಥೆ ಕೇಳತಕ್ಕದ್ದು. ಅಫ್ಘಾನಿಸ್ಥಾನದ ಉತ್ತರದಲ್ಲಿ, ವಂಕ್ಷು ಅಥವಾ ಆಮು ನದಿಗೆ ಕೋಕ್ಚಾ ಸೇರುವಲ್ಲಿ, ಐ ಖಾನುಮ್ ಎಂಬ ಹಾಳೂರಿದೆ. ಅದು ಯವನರು ಕಟ್ಟಿದ ಪಟ್ಟಣ. ಅಲ್ಲಿ ಪೌಲ್ ಬೆರ್ನಾರರ ನೇತೃತ್ವದಲ್ಲಿ ಫ್ರೆಂಚರು ಅಗೆಯುತ್ತಿದ್ದಾಗ, 1970ರಲ್ಲಿ ಭಾರತೀಯ ಮುದ್ರಾಂಕಿತ ನಾಣ್ಯಗಳು 677 ಒಂದು ರಾಶಿಯಾಗಿ ಸಿಕ್ಕಿದವು. ಅವುಗಳ ಜೊತೆಯಲ್ಲಿ ಕ್ರಿ. ಪೂ. ಎರಡನೆಯ ಶತಮಾನದ ಯವನರಾಜ ಅಗಥೋಕ್ಲೀಸನ ಆರು ಚೌಕನಾಣ್ಯಗಳಿದ್ದವು. ಒಂದು ಮುಖದಲ್ಲಿ ನೇಗಿಲು ಒನಕೆಗಳನ್ನು ಹಿಡಿದ ಸಂಕರ್ಷಣ, ಗ್ರೀಕ್ ಅಕ್ಷರ. ಮತ್ತೊಂದರಲ್ಲಿ ಶಂಖಚಕ್ರಧಾರಿಯಾದ ವಾಸುದೇವ, ಬ್ರಾಹ್ಮೀ ಅಕ್ಷರ! ಪಾಣಿನಿಯ ಸೂತ್ರದಲ್ಲಿ ಹೆಸರು ಮಾತ್ರವಾಗಿದ್ದ ವಾಸುದೇವನು ಯವನನ ಬೆಳ್ಳಿಯ ಮೇಲೆ ಆಯುಧಸಹಿತನಾಗಿ ನಿಂತಿದ್ದಾನೆ. ಆ ದೇವನ ಮೂರ್ತಿಗಳಲ್ಲಿ ಇವು ಅತಿ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತವೆ. ಇದೇ ಆರು ನಾಣ್ಯಗಳನ್ನು ವ್ಯಾಪಾರಿಯೊಬ್ಬನು ಬಟ್ಟೆಯಲ್ಲಿ ಸುತ್ತಿ ತಂದಿದ್ದರೆ ನಂಬುವವರಾರು? ಕೃಷ್ಣಭಕ್ತರಿಗೆ ಮಾರಲು ಯಾವನೋ ಚತುರನು ಹೊಯ್ದ ಕೃತಕವೆಂದು ಅರ್ಧದಷ್ಟು ವಿದ್ವಾಂಸರು ತಳ್ಳಿಹಾಕುತ್ತಿದ್ದರು. ಹಾಗೆ ತಳ್ಳುವುದು ತಪ್ಪೂ ಆಗುತ್ತಿರಲಿಲ್ಲ. ಜರ್ಮನಿಯ ಬೆಕರ್ ಎಂಬ ಕುಶಲ ವಂಚಕನು 19ನೆಯ ಶತಮಾನದ ಆದಿಯಲ್ಲಿ ತನ್ನ ಹೊಸ 'ಪ್ರಾಚೀನ' ನಾಣ್ಯಗಳನ್ನು ಕಬ್ಬಿಣದ ಪುಡಿಯೊಡನೆ ಪೆಟ್ಟಿಗೆಯಲ್ಲಿಟ್ಟು, ಅದನ್ನು ಗಾಡಿಗೆ ಕಟ್ಟಿ, ಊರೂರು ಕುಲುಕಿಸಿ ಸವೆಯಿಸುತ್ತಿದ್ದನಂತೆ! ಐ ಖಾನುಮಿನ ವಾಸುದೇವನಿಗೆ ಸಾಕ್ಷಿ ಹೇಳಿದ್ದು ಅವನು ಮಲಗಿದ್ದ ನೆಲ.

ಹಳೆಯ ಸಂಗ್ರಾಹಕರಿಂದ ಉಪಕಾರವಾಗಲಿಲ್ಲವೆ ಎಂದು ಆಕ್ಷೇಪಿಸುವವರುಂಟು. ಖಂಡಿತವಾಗಿ ಆಗಿದೆ. ಚಾರ್ಲ್ಸ್ ಮ್ಯಾಸನ್ನನು 1833ರಿಂದ ಬೆಗ್ರಾಮಿನ ಬಯಲಿನಲ್ಲಿ ಸಾವಿರಗಟ್ಟಲೆ ನಾಣ್ಯಗಳನ್ನು ಕೂಡಿಹಾಕಿದನು. ಪ್ರಿನ್ಸೆಪ್ಪನು ದ್ವಿಭಾಷಾ ನಾಣ್ಯಗಳ ನೆರವಿನಿಂದ ಖರೋಷ್ಠಿಯನ್ನು ಓದಲು ತೊಡಗಿದನು. ಲಾಸೆನ್ನನು 1836ರಲ್ಲಿ ಬ್ರಾಹ್ಮಿಯ ಕೆಲವು ಅಕ್ಷರಗಳನ್ನು ಗುರುತಿಸಿದ್ದು ಇದೇ ಅಗಥೋಕ್ಲೀಸನ ನಾಣ್ಯದಿಂದ. ಆದರೆ ಮ್ಯಾಸನ್ನನು ತನ್ನ ನಾಣ್ಯಗಳು ಎಲ್ಲಿಯವು ಎಂಬುದನ್ನು ಮುಚ್ಚಿಡಲಿಲ್ಲ, ಲೋಕಕ್ಕೆ ಬರೆದು ತಿಳಿಸಿದನು. ಈಗಿನ ಮಾರಾಟದ ಪಟ್ಟಿಗಳಲ್ಲಿ ದೇವತೆಯ ಹೆಸರು, ತೂಕ, ಹೊಳಪು ಎಲ್ಲವೂ ವಿಸ್ತಾರವಾಗಿರುತ್ತವೆ. ಸ್ಥಳದ ಮಾತು ಬಂದಾಗ ‘ಹಳೆಯ ಸಂಗ್ರಹದಿಂದ’ ಎಂಬ ಒಂದು ಪದಗುಚ್ಛದಲ್ಲಿ ಮುಗಿಸುವುದು ಬಹಳ ಕಡೆಗಳಲ್ಲಿ ರೂಢಿಯಾಗಿದೆ. ಕೊಳ್ಳುವವನೂ ಕೇಳುವುದಿಲ್ಲ. ಕೇಳಿದರೆ ಬೆಲೆ ಏರೀತು, ಇಲ್ಲವೆ ಮನಸ್ಸಿಗೆ ಕಸಿವಿಸಿಯಾದೀತು. ಅಫ್ಘಾನಿಸ್ಥಾನದ ಮೀರ್ ಜಕಾದ ಬಾವಿಯಲ್ಲಿ 1990ರ ದಶಕದ ಆದಿಯಲ್ಲಿ ತೆಗೆದ ನಾಣ್ಯಗಳನ್ನು ಟನ್ನುಗಳಲ್ಲಿ ಎಣಿಸಿದರು. ಪೆಶಾವರದ ಪೇಟೆಯಲ್ಲಿ ಅವು ಚೀಲಗಳಲ್ಲಿ ತುಂಬಿದ್ದುದನ್ನು ನಾಣ್ಯಶಾಸ್ತ್ರಜ್ಞರು ಕಣ್ಣಾರೆ ಕಂಡರು. ಐ ಖಾನುಮಿನ ಬಯಲನ್ನೂ 1979ರ ಅನಂತರದ ಯುದ್ಧಕಾಲದಲ್ಲಿ ನಿಧಿಗಳ್ಳರು ಗುಂಡಿ ಗುಂಡಿಯಾಗಿ ತೋಡಿಬಿಟ್ಟರು. ಕೊಳ್ಳುವವರಿಲ್ಲದಿದ್ದರೆ ತೋಡುವವರೆಲ್ಲಿ?

ಅಮೆರಿಕದ ಸರ್ಕಾರವು 2007ರಲ್ಲಿ ಸೈಪ್ರಸ್ಸಿನ ಪ್ರಾಚೀನ ನಾಣ್ಯಗಳ ಆಮದಿಗೆ ನಿರ್ಬಂಧ ಹಾಕಿತು. 2011ರಲ್ಲಿ ಗ್ರೀಸಿನೊಡನೆಯೂ ಅಂಥ ಒಪ್ಪಂದವಾಯಿತು. ಸಂಗ್ರಾಹಕರ ಸಂಘವೊಂದು ಈ ನಿಯಮಗಳನ್ನು ಪ್ರಶ್ನಿಸಬೇಕೆಂದೇ 2009ರಲ್ಲಿ ಸೈಪ್ರಸ್ಸಿನ ಮತ್ತು ಚೀನದ 23 ನಾಣ್ಯಗಳನ್ನು ಲಂಡನ್ನಿನಿಂದ ತರಿಸಿತು. ಇವು ಯಾವ ನೆಲದಲ್ಲಿ ಸಿಕ್ಕಿದುವೆಂಬುದು ಗೊತ್ತಿಲ್ಲ, ಆದುದರಿಂದ ತಡೆಯುವ ಅಧಿಕಾರವಿಲ್ಲವೆಂದು ಅದರ ವಾದ. ಸ್ಥಳವನ್ನು ಕೇಳದೆ ಕೊಂಡವರು, ಸ್ಥಳ ತಿಳಿಯದೆಂಬುದನ್ನೇ ಗುರಾಣಿಯಾಗಿ ಹಿಡಿದರು. ಮೇಲ್ಮನವಿಯ ನ್ಯಾಯಾಲಯವು 2012ರಲ್ಲಿ ಅವರ ವಾದವನ್ನು ಒಪ್ಪಲಿಲ್ಲ.