ರೊಟ್ಟಿ ದುಂಡಗಿದ್ರ ಸಾಕೇನ್ರೀ?

ನಮ್ಮ ಅಕ್ಕನ ಮಗಳು ಹೋದ ವಾರ ಇಂಟರ್‌ವ್ಯೂ ಮುಗಿಸಿ ಬಂದಾಕಿ ಚಹಾ ಸೈತ ಕುಡೀಲಿಲ್ಲ. ಹತ್ತು ವರ್ಷ ಜಾವಾ ಬರದಾಕಿ, ಕೂಸಿನ ಸಲುವಾಗಿ ಕೆಲಸ ಬಿಟ್ಟಿದ್ಲು, ಈಗ ಪೈಥಾನ್ ಕಲತು ಹೋಗಿದ್ಲು. ಒಂದು ಪಟ್ಟಿಯೊಳಗಿನ ಅಂಕಗಳ ಸರಾಸರಿ ತಗೀರಿ ಅಂದ್ರಂತ. ಸರಿಯಾಗೇ ತಗದ್ಲು. ಆದ್ರ ಎದುರಿಗೆ ಕೂತಾಂವ ಒಂದ ನೋಟಕ್ಕ, "ಇದು ಜಾವಾದಂಗ ಕಾಣಸ್ತದ, ನಿಮಗ ಕೋಡಿಂಗ್ ಅಷ್ಟ ಬರಂಗಿಲ್ಲ" ಅಂದನಂತ.

ನಾನೂ ಇದೇ ಕೆಲಸದಾಗ ಇದ್ದಾಕಿ, ಅದಕ್ಕ ಸಿಟ್ಟು ಬಂತು.

ಆಕಿ ತಪ್ಪರೆ ಏನು? ಜಾವಾದಾಗ ಎರಡು ಶಬ್ದ ಕೂಡಿಸಿ ಹೆಸರಿಟ್ರ ಎರಡನೇ ಶಬ್ದದ ಮೊದಲ ಅಕ್ಷರ ದೊಡ್ಡದು ಬರೀತಾರ. ಪೈಥಾನ್‌ದಾಗ ನಡುವ ಕೆಳಗ ಗೆರಿ ಎಳೀತಾರ. ಪೈಥಾನ್‌ದಾಗ ಪಟ್ಟಿಯೊಳಗಿಂದ ಒಂದೊಂದನ್ನ ಸೀದಾ ಎತ್ತಿಕೋಬಹುದು. ಈಕಿ ಹಳೇ ರೂಢಿಯಂಗ 0, 1, 2 ಎಣಿಸಿಕೋತ ತಗದಾಳ. ಉತ್ತರ ಎರಡೂ ಕಡೆ ಒಂದೇ. ಧಾರವಾಡದಾಕಿ ಬೆಂಗಳೂರಾಗ ಮಾತಾಡಿದಂಗ ಇದು: ಧಾಟಿ ಬ್ಯಾರೆ, ಬುದ್ಧಿ ಕಡಿಮಿ ಅಲ್ಲ.

ಹಂಗಂತ ಶೈಲಿ ಬ್ಯಾಡ ಅನ್ನಾಂಗಿಲ್ಲ ನಾ. ನಾಕು ಮಂದಿ ಓದೂ ಕೋಡ್ ಒಂದ ರೀತಿ ಇರಬೇಕು. ಅದಕ್ಕ ಪೈಥಾನ್ ಮಂದಿ 2001ರಾಗ ಪೆಪ್ 8 ಅಂತ ನಿಯಮ ಬರದಿಟ್ಟಾರ. ಆದ್ರ ಅದು ವಾರದಾಗ ಕಲಿಯೂ ವಿದ್ಯಾ. ಗೋ ಭಾಷಾದಾಗ ಅಂತೂ ಗೋಫಮ್ಟ್ ಅನ್ನೂ ಸಾಧನ ಜೋಡೀನ ಬರ್ತದ. ಒಮ್ಮೆ ಓಡಿಸಿದ್ರ ಹೊಸಬರದು, ಹಳಬರದು, ಎಲ್ಲಾರ ಸಾಲೂ ಒಂದೇ ಅಳತಿಗೆ ಕೂಡ್ತಾವ. ಅಲ್ಲೆ ಅಂದ ನೋಡಿ ಜಾಣರನ್ನ ಹೆಂಗ ಆರಿಸ್ತೀಯಪ್ಪಾ?

ನೋಡೂದು ಬ್ಯಾರೇನ ಅದ. ಪಟ್ಟಿ ಖಾಲಿ ಇದ್ರ ಏನು? ಸರಾಸರಿ ತಗೀಲಿಕ್ಕೆ ಹೋಗಿ ಸೊನ್ನಿಯಿಂದ ಭಾಗಿಸಿದ್ರ ಪೈಥಾನ್ ಪ್ರೋಗ್ರಾಂ ಅಲ್ಲೇ ಕೆಟ್ಟು ನಿಲ್ತದ. ನಮ್ಮ ಹುಡುಗಿ ಅದಕ್ಕ ಮೊದಲನೇ ಸಾಲಿನಾಗ ದಾರಿ ಮಾಡಿಟ್ಟಿದ್ಲು. ಅಂವ ಅದನ್ನ ಕೇಳಲೂ ಇಲ್ಲ, ನೋಡಲೂ ಇಲ್ಲ. ರೊಟ್ಟಿ ದುಂಡಗ ಅದನೋ ಇಲ್ಲೋ ಅಂತ ನೋಡಿದಾಂವ, ಬೆಂದದನೋ ಇಲ್ಲೋ ಅಂತ ಮುರದು ನೋಡಬ್ಯಾಡೇನು?

ನಿಮ್ಮ ಮನಿ ಹುಡುಗ್ಯಾರು ಇಂಟರ್‌ವ್ಯೂಕ್ಕ ಹೊಂಟ್ರ ಹೇಳ್ರಿ: ಅವರು ಕೇಳಲಿ ಬಿಡಲಿ, "ಪಟ್ಟಿ ಖಾಲಿ ಇದ್ರ ಏನು ಮಾಡೇನಿ ನೋಡ್ರಿ" ಅಂತ ತಾವ ತೋರಸಬೇಕು. ಇನ್ನ ನಿಮ್ಮ ಮಗನೋ ಅಳಿಯನೋ ಇಂಟರ್‌ವ್ಯೂ ತಗೊಳ್ಳಾಂವ ಇದ್ರ, ಇವತ್ತ ರಾತ್ರಿ ಊಟಕ್ಕ ಬಡಸೂ ಮುಂದ ಇಷ್ಟು ಅವರ ಕಿವ್ಯಾಗ ಹಾಕ್ರಿ.