ಗುಳಿಗಿ ಬಂತು, ಮಾಪು ಬೇಡವೇ?

ಹೆರಿಗೆ ವಾರ್ಡಿನ ಶುಚಿತ್ವಕ್ಕೆ ಇನ್ನಷ್ಟು ಹಣ, ಇನ್ನಷ್ಟು ಆಳು ಬೇಕು ಎಂದರೆ ಸಾಕು, ‘ನಂಜಿಗೆ ಗುಳಿಗಿ ಬಂದೈತಲ್ರಿ, ನಮ್ಮ ಬೆಳಗಾವ್ಯಾಗ ಅಧ್ಯಯನ ಆಗೇತಿ’ ಎನ್ನುವವರಿದ್ದಾರೆ.

ಆಗಿದ್ದು ನಿಜ, ಹೆಮ್ಮೆಯ ವಿಷಯವೂ ಹೌದು. ಇಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜೂ ಪಾಲ್ಗೊಂಡ, 7 ದೇಶಗಳ 29,278 ಗರ್ಭಿಣಿಯರನ್ನು ಒಳಗೊಂಡ ಆ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹೆರಿಗೆ ನೋವಿನ ಹೊತ್ತಿಗೆ 2 ಗ್ರಾಂ ಅಜಿತ್ರೊಮೈಸಿನ್ ನುಂಗಿದ ತಾಯಂದಿರಲ್ಲಿ ನಂಜು ಅಥವಾ ಸಾವು ಶೇ 1.6, ನುಂಗದವರಲ್ಲಿ ಶೇ 2.4. ಉಳಿದ ಆ 1.6ಕ್ಕೆ ಉತ್ತರವೇನು? ಕೂಸುಗಳಿಗಂತೂ ಅದರಿಂದ ಪ್ರಯೋಜನವೇ ಕಾಣಲಿಲ್ಲ. ವಾದ ಮಾಡುವವರು ಅಷ್ಟು ದೂರ ಓದಿರುವುದಿಲ್ಲ.

‘ಒಳಗ ಕಾಲಿಟ್ರ ಫಿನಾಯಿಲ್ ಘಮ್ ಅಂತೈತಿ, ಇನ್ನೇನ್ ಬೇಕ್ರಿ?’ ವಾಸನೆಗೆ ರೋಗಾಣು ಸಾಯುವುದಿಲ್ಲ. ಹೆರಿಗೆ ಟೇಬಲ್ಲಿನ ಮೇಲೆ ರಕ್ತ ಚೆಲ್ಲಿದೆ ಎನ್ನಿ. ಗ್ಲೌಸ್ ಹಾಕಿ ಮೊದಲು ರಕ್ತ ಒರೆಸಿ ತೆಗೆಯಬೇಕು, ಸೋಪಿನ ನೀರಲ್ಲಿ ಉಜ್ಜಬೇಕು, ಆಮೇಲೆ ಶೇ 1ರ ಹೈಪೋಕ್ಲೋರೈಟ್ ಹಚ್ಚಿ 10 ನಿಮಿಷ ಹಸಿಯಾಗಿಯೇ ಬಿಡಬೇಕು. ರಕ್ತದ ಮೇಲೆಯೇ ಚಿಮುಕಿಸಿದರೆ ಕ್ಲೋರಿನ್ನಿನ ಕಸುವೆಲ್ಲ ರಕ್ತಕ್ಕೇ ಖರ್ಚಾಗುತ್ತದೆ. ಮುಂದಿನ ಗರ್ಭಿಣಿ ಬಾಗಿಲಲ್ಲಿ ನರಳುತ್ತಿರುವಾಗ ಆ 10 ನಿಮಿಷ ಸಿಗಬೇಕಾದರೆ ಇನ್ನೊಂದು ಟೇಬಲ್ಲು, ಇನ್ನೊಬ್ಬ ಆಯಾ ಬೇಕು. ಹಣ ಕೇಳುವುದು ಇದಕ್ಕೇ, ಸೆಂಟಿಗಲ್ಲ.

ಆಪರೇಷನ್ ಥಿಯೇಟರಿಗೆ ವಾರಕ್ಕೊಮ್ಮೆ ಫಾರ್ಮಲಿನ್ ಹೊಗೆ ಹಾಕಿಸುತ್ತೇವೆ ಎನ್ನುವವರಿಗೆ: ಉಜ್ಜದೆ ಹಾಕಿದ ಹೊಗೆ ಕೊಳೆಯ ಮೇಲೆ ಕೂರುತ್ತದೆ, ಅಷ್ಟೆ. ಮೇಲಾಗಿ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಇನ್ನು, ರೋಗಿಗಳ ಕಡೆಯವರು ಕಂಡಲ್ಲಿ ಉಗುಳುತ್ತಾರೆ ಎಂಬ ದೂರು. ಉಗುಳುತ್ತಾರೆ, ಒಪ್ಪಿದೆ. ಲೇಬರ್ ರೂಮಿನ ಕತ್ತರಿ ಕೊಳೆಯಾಗುವುದು ಅವರಿಂದಲ್ಲ.

‘ಜಿಲ್ಲಾಸ್ಪತ್ರಿ ನಿಯಮ ಖಾನಾಪುರಕ್ಕ ಯಾಕ?’ ಅಲ್ಲಿಗೇ ಬಿಗಿ ಹೆಚ್ಚು ಬೇಕು. ಕಣಕುಂಬಿ ಕಡೆಯಿಂದ ಮಳೆ ಹಿಡಿಯಿತೆಂದರೆ ಗೋಡೆಯೂ ಬೆವರುತ್ತದೆ. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರಿನ ಚೀಲ ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ. ಲೀಟರಿಗೆ 33 ಗ್ರಾಂ ಲೆಕ್ಕ ತಪ್ಪದೆ ಕಲಸಿದರೂ ಶೇ 1 ಬರುವುದಿಲ್ಲ. ಆಟೋಕ್ಲೇವಿನಲ್ಲಿ 121 ಡಿಗ್ರಿ ಕಂಡು ಬಂದ ಬಟ್ಟೆಗಂಟು ಕೈಗೆ ಒದ್ದೆಯೆನಿಸಿದರೆ ಅದು ಸ್ಟೆರೈಲ್ ಅಲ್ಲ. ತೇವದ ಜಾಡು ಹಿಡಿದು ಹೊರಗಿನ ರೋಗಾಣು ಒಳಗಿಳಿಯುತ್ತದೆ. ಬಿಚ್ಚಿ, ಹೊಸದಾಗಿ ಕಟ್ಟಿ, ಮತ್ತೆ ಹಬೆಗಿಡಬೇಕು. ಖಾನಾಪುರಕ್ಕೆ ನಿಯಮ ಸಡಿಲಿಸುವವರು ಅದರ ಬದಲು ಗಟ್ಟಿ ಮುಚ್ಚಳದ ಡಬ್ಬಿಗಳನ್ನೂ ಒಣಗಿಸಿ ಕೊಡುವ ಆಟೋಕ್ಲೇವನ್ನೂ ಜೂನ್ ಒಳಗೆ ಕಳಿಸಿಕೊಡಲಿ.